ಅಕ್ಕಯ್ಯಮ್ಮನ ಗಿಡ ಭಾಗವಾದದ್ದು

ಮಾರೇನಹಳ್ಳಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ ಇಟ್ಟಿದ್ದ ಚನ್ನಕೇಶವನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಕೊರಗು: ಜಾಗ ಸಾಲದು. ಅಂಗಡಿಯಲ್ಲಿ ಕುಕ್ಕರುಗಳು ಸೂರು ಮುಟ್ಟಿದ್ದವು, ಇಡ್ಲಿ ಪಾತ್ರೆಗಳು ಫುಟ್‌ಪಾತಿಗೆ ಇಳಿದಿದ್ದವು. ದೀಪಾಂಜಲಿ ನಗರದ ಮನೆಯಲ್ಲೋ, ಗಾಳಿ ಬೆಳಕು ಧಾರಾಳವಾಗಿದ್ದ, ಗೋಡೆಗೆ ತೇವ ಹಿಡಿಯದ, ಗೋಡೌನಿಗೆಂದೇ ಹೇಳಿ ಕಟ್ಟಿಸಿದಂತಿದ್ದ ಮುಂದಿನ ಕೋಣೆಯೊಂದಿತ್ತು. ಆದರೆ ಅದರಲ್ಲಿ ಅವನ ತಾಯಿ ಮಲಗಿದ್ದಳು.

(ತಿಂಗಳು ಬಿಟ್ಟು ತಿಂಗಳು ಮಾತ್ರ. ಸುಳ್ಳು ಹೇಳಬಾರದು.)

ನೆಲಮಹಡಿ ಚನ್ನಕೇಶವನದು, ಮೇಲಿನದು ತಮ್ಮ ಭೈರೇಶನದು. ಅಪ್ಪ ಬೈರಯ್ಯ ತೀರಿಕೊಂಡ ವರ್ಷವೇ ಮನೆ ಭಾಗವಾಗಿತ್ತು. ಸಂಪಿನ ನೀರು, ಸ್ಕೂಟರ್ ನಿಲ್ಲಿಸುವ ಜಾಗ, ಬಟ್ಟೆ ಒಣಹಾಕುವ ತಂತಿ ಕೂಡ ಭಾಗವಾಗಿತ್ತು. ಉಳಿದದ್ದು ಅಮ್ಮ ಅಕ್ಕಯ್ಯಮ್ಮ, ಮತ್ತು ಅವಳ ಆರ್ಕಿಡ್ ಗಿಡ. ಅವೆರಡೂ ತಿಂಗಳಿಗೊಮ್ಮೆ ಒಟ್ಟಿಗೆ ಮೆಟ್ಟಿಲು ಹತ್ತುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.

ಗಿಡ ತಂದವನು ಬೈರಯ್ಯ. ಬದುಕಿದ್ದಷ್ಟು ಕಾಲ ಹೆಂಡತಿಗೆ ಒಂದು ಮೊಳ ಮಲ್ಲಿಗೆ ತಾರದ ಆ ಮನುಷ್ಯ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದಿಂದ ಇದನ್ನು ಶುಂಠಿ ಗಿಡ ಅಂದುಕೊಂಡು ಹೊತ್ತು ತಂದಿದ್ದ. ಹೂ ಬಿಟ್ಟ ಮೇಲೆ 'ನಿಂಗೇ ಅಂತ ತಂದಿದ್ದು ಕಣೇ' ಅಂದ. ಅಕ್ಕಯ್ಯಮ್ಮ ನಂಬಿದಳು. ನಂಬದೆ ಇನ್ನೇನು ಮಾಡಿಯಾಳು, ಆ ಸಂಸಾರದಲ್ಲಿ ಅವಳಿಗೆ ಬಂದ ಹೂವೆಂದರೆ ಅದೊಂದೇ.

ಈಗ ಅವಳ ಮಂಡಿ ಕೈಕೊಟ್ಟಿತು. 'ಇನ್ಮೇಲೆ ಮೆಟ್ಟಿಲು ಬೇಡ, ಎಲ್ಲಾದ್ರೂ ಒಂದೇ ಕಡೆ ಇರ್ಲಿ' ಎಂದು ಡಾಕ್ಟರು ಹೇಳಿಬಿಟ್ಟರು. ಅಣ್ಣ ತಮ್ಮಂದಿರು ಹಾಲಿನಲ್ಲಿ ಸಭೆ ಸೇರಿದರು.

"ನಿಮ್ಮನೇಲೇ ಇರ್ಲಿ ಅಣ್ಣ. ದೊಡ್ಡೋನು ನೀನು," ಎಂದ ಭೈರೇಶ, ಎಂದೂ ಇಲ್ಲದ ವಿನಯದಿಂದ.

"ನಿಮ್ಮನೇಲಿ ಗಾಳಿ ಚೆನ್ನಾಗಿ ಬರುತ್ತೆ ಕಣೋ."

"ಬಿಸಿಲೂ ಬರುತ್ತಲ್ಲಣ್ಣ, ಮಧ್ಯಾಹ್ನ ಒಲೆ ಮೇಲೆ ಕೂತಂಗಾಗುತ್ತೆ."

"ವಯಸ್ಸಾದೋರ್ಗೆ ಬಿಸಿಲು ಒಳ್ಳೇದು ಅಂತಾರೆ."

ಅಕ್ಕಯ್ಯಮ್ಮ ಇಬ್ಬರ ನಡುವೆಯೇ ಕುರ್ಚಿಯಲ್ಲಿ ಕೂತಿದ್ದಳು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. "ಕಿತ್ತಾಡ್ಬೇಡಿ. ಗಿಡ ಎಲ್ಲಿ ಹೂ ಬಿಡುತ್ತೋ, ನಾನಲ್ಲಿರ್ತೀನಿ," ಎಂದಳು.

ಚನ್ನಕೇಶವನ ತಲೆಯಲ್ಲಿ ದೀಪ ಹತ್ತಿತು.

"ಹಂಗಾದ್ರೆ ಗಿಡಾನ ಮೇಲಕ್ಕೆ ಕೊಟ್ಬಿಡಿ, ಮುಗೀತು," ಎಂದಳು ಹೆಂಡತಿ ಕುಸುಮಾ ಅಡುಗೆಮನೆಯಲ್ಲಿ.

"ಕೊಟ್ರೆ ತಾಯಿನ ತಳ್ಳಿಬಿಟ್ಟ ಅಂತಾರೆ ಕಣೇ. ಭಾಗ ಮಾಡಿದ್ರೆ ನ್ಯಾಯವಂತ ಅಂತಾರೆ."

ಆ ಮನೆತನದಲ್ಲಿ ಭಾಗಕ್ಕೊಂದು ಕ್ರಮವಿತ್ತು: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಹಿರಿಯ ಮೋಸ ಮಾಡದಿರಲಿ ಎಂದು ಹಿಂದಿನವರು ಮಾಡಿದ ಕಟ್ಟಳೆ. ಪಾಪ, ಅವರ ಕಾಲದಲ್ಲಿ ಪಾತ್ರೆ ವ್ಯಾಪಾರ ಇಷ್ಟು ಬೆಳೆದಿರಲಿಲ್ಲ. ತಳ ತೆಳ್ಳಗಿರುವ ಮಾಲಿಗೆ ಎರಡು ಸಲ ಪಾಲಿಶ್ ಹೊಡೆಸಿ ಮುಂದಿನ ಸಾಲಿಗಿಟ್ಟರೆ, ಗಿರಾಕಿ ತಾನೇ ಆರಿಸಿದೆನೆಂದು ಹೆಮ್ಮೆಯಿಂದ ಒಯ್ಯುತ್ತಾನೆ ಎಂಬುದು ಚನ್ನಕೇಶವನ ಜೀವಮಾನದ ಸಂಶೋಧನೆ.

ಯುಗಾದಿ ಕಳೆದ ಭಾನುವಾರ, ಹಾಲಿನಲ್ಲಿ ಪೇಪರ್ ಹಾಸಿ ಶಸ್ತ್ರಚಿಕಿತ್ಸೆ ಶುರುವಾಯಿತು. ಮೊಬೈಲಿನಲ್ಲಿ ವಿಡಿಯೋ ನೋಡಿ ಅವನು ಪಂಡಿತನಾಗಿದ್ದ. ಚಾಕುವನ್ನು ಒಲೆಯ ಉರಿಗೆ ಹಿಡಿದು ಕಾಯಿಸಿದ. ಬೇರುಗಳ ಗಂಟನ್ನು ಬೆರಳಿನಿಂದ ಬಿಡಿಸಿದ. ಒಂದೊಂದು ಪಾಲಿಗೂ ಕೊನೇ ಪಕ್ಷ ಮೂರು ಕಡ್ಡಿಯಾದರೂ ಇರಬೇಕಂತೆ. ಆ ಶಾಸ್ತ್ರಕ್ಕೂ ಚ್ಯುತಿ ಬಾರದಂತೆ ನೋಡಿಕೊಂಡ. ಆದರೆ ಹೂ, ಮೊಗ್ಗು, ಬುಡದ ಹೊಸ ಚಿಗುರುಗಳೆಲ್ಲ ಒಂದು ಕಡೆ ಬಂದವು. ಇನ್ನೊಂದು ಕಡೆ, ಎಲೆಯುದುರಿದ ಬೋಳು ಕಡ್ಡಿಗಳು.

"ಪಲಾವ್‌ಗೆ ಇಟ್ಟಿದ್ದ ಚಕ್ಕೆ ಪುಡೀನೆಲ್ಲ ಇದಕ್ಕೆ ಬಳೀತೀರಲ್ರೀ!" ಎಂದಳು ಕುಸುಮಾ.

"ಕೊಯ್ದ ಜಾಗಕ್ಕೆ ಹಚ್ಚಿದ್ರೆ ಕೊಳೆಯಲ್ಲ ಕಣೇ."

ಅಕ್ಕಯ್ಯಮ್ಮ ನೋಡುತ್ತಿದ್ದಳು. "ನಿಧಾನ ಕಣೋ. ನೋವಾಗುತ್ತೆ."

"ಗಿಡಕ್ಕೆಂಥ ನೋವಮ್ಮ?"

"ಗಿಡಕ್ಕೆ ಅಂದ್ನಾ ನಾನು?"

ಚನ್ನಕೇಶವ ಚಾಕು ಒರೆಸುವುದರಲ್ಲಿ ಮಗ್ನನಾದ.

ಭೈರೇಶ ಬಂದು ಎರಡೂ ಪಾಲನ್ನು ದಿಟ್ಟಿಸಿದ. ಅಣ್ಣ ಹೊಳೆಯುವುದನ್ನು ಮುಂದಿಟ್ಟಿದ್ದಾನೆಂದರೆ ಏನೋ ಇದೆ ಎಂಬಷ್ಟು ಬುದ್ಧಿ ಅವನಿಗಿತ್ತು. ಅವನ ಕೈ ಒಮ್ಮೆ ಬೋಳು ಕಡ್ಡಿಯತ್ತಲೇ ಸರಿಯಿತು. ಚನ್ನಕೇಶವ ಹೂವಿನ ಪಾಲನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ. ಅಷ್ಟರಲ್ಲಿ, ಅಂದಿನ ಸಭೆಯಲ್ಲಿ ಅತ್ತೆಯ ಮಾತು ಕೇಳಿರದ ಭೈರೇಶನ ಹೆಂಡತಿ ಕೀರ್ತನಾ, "ಅಯ್ಯೋ ರೀ, ಆ ಸೌದೆ ತಗೊಂಡು ಏನ್ ಮಾಡ್ತೀರಾ, ಹೂವಿಂದು ತಗೊಳ್ಳಿ!" ಎಂದು ಚನ್ನಕೇಶವನನ್ನು ಕಾಪಾಡಿದಳು.

ಸಂಜೆ ಅಕ್ಕಯ್ಯಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಅಣ್ಣ ತಮ್ಮ ಎರಡು ಕಡೆ ಹಿಡಿದು ಮೇಲಕ್ಕೆ ಒಯ್ದರು. ಭಾರ ಎತ್ತಿ ಅಭ್ಯಾಸವಿದ್ದ ಚನ್ನಕೇಶವನಿಗೆ ಮಧ್ಯದ ಮೆಟ್ಟಿಲಲ್ಲಿ ಒಂದು ವಿಷಯ ಹೊಳೆಯಿತು: ಅಮ್ಮ ಒಂದು ಪೆಟ್ಟಿಗೆ ಕುಕ್ಕರಿಗಿಂತ ಹಗುರ. ಅದರ ಬಗ್ಗೆ ಯೋಚಿಸಲು ಪುರುಸೊತ್ತಿರಲಿಲ್ಲ, ಪೆಟ್ಟಿಗೆಗಳ ಟೆಂಪೋ ಗೇಟಿಗೆ ಬಂದಿತ್ತು.

ಬೋಳು ಕಡ್ಡಿಗಳನ್ನು ಎಸೆದರೆ ನೋಡಿದವರು ಏನಂದಾರು? ಗೇಟಿನ ಮುಂದಿನ ಹೊಂಗೆಮರಕ್ಕೆ ಪ್ಲಾಸ್ಟಿಕ್ ಹಗ್ಗದಲ್ಲಿ ಬಿಗಿದುಬಿಟ್ಟ. ಕುಂಡವಿಲ್ಲ, ಬೇರಿಗೆ ಇದ್ದಿಲ ಚೂರಿಲ್ಲ, ಒಂದು ಹನಿ ನೀರಿಲ್ಲ. ಎಂದಾದರೂ ಒಂದು ದಿನ ತಾನಾಗಿ ಸಾಯಲಿ, ತನ್ನ ಕೈಗೆ ಅಂಟದಿದ್ದರೆ ಸರಿ.

ಮೇಲೆ ಕೀರ್ತನಾ ಹೂವಿನ ಪಾಲನ್ನು ಚಂದದ ಪಿಂಗಾಣಿ ಕುಂಡಕ್ಕೆ ಹಾಕಿದಳು. ಕುಂಡಕ್ಕೆ ತೂತಿರಲಿಲ್ಲ. ದಿನಾ ನೀರು, ಮೇಲೆ ಅಕ್ಕಿ ತೊಳೆದ ನೀರು. "ಅಷ್ಟೊಂದು ಹುಯ್ಯಬೇಡಮ್ಮ," ಎಂದಳು ಅಕ್ಕಯ್ಯಮ್ಮ. "ಸುಮ್ನಿರಿ ಅತ್ತೆ, ನಂಗೊತ್ತು." ಮಳೆಗಾಲದ ಹೊತ್ತಿಗೆ ಬೇರು ಗಂಜಿಯಾಗಿ ಗಿಡ ಕಸದ ಗಾಡಿಗೆ ಹೋಯಿತು. ಅಕ್ಕಯ್ಯಮ್ಮ ಉಳಿದಳು, ಬಾಲ್ಕನಿಯಲ್ಲಿ, ವಾಷಿಂಗ್ ಮೆಷಿನ್ ಪಕ್ಕದ ಮಂಚದ ಮೇಲೆ. ಅಲ್ಲಿಂದ ಕಾಣುತ್ತಿದ್ದುದು ಹೊಂಗೆಮರ ಒಂದೇ. ದೊಡ್ಡ ಮಗ ಅಂಗಡಿಗೆ ಹೊರಡುವಾಗ ಗೇಟಿನಿಂದಲೇ "ಮಂಡಿ ಹೆಂಗಿದೆಯಮ್ಮಾ?" ಎಂದು ಕೂಗುತ್ತಿದ್ದ. ಉತ್ತರ ಕೆಳಗಿಳಿಯುವಷ್ಟರಲ್ಲಿ ಸ್ಕೂಟರ್ ತಿರುವು ದಾಟಿರುತ್ತಿತ್ತು.

ಮಳೆ ಬಂತು, ನಿಂತಿತು. ಚಳಿಗಾಲವೆಲ್ಲ ಕಡ್ಡಿಗಳು ಒಣಗಿ ನಿಂತವು. ಶಿವರಾತ್ರಿ ಹತ್ತಿರ ಬಂದಾಗ ಒಂದು ಬೆಳಿಗ್ಗೆ ರಂಗೋಲಿ ಹಾಕಲು ಹೋದ ಕುಸುಮಾ ಕೂಗಿಕೊಂಡಳು. "ರೀ! ಬನ್ನಿ ಇಲ್ಲಿ! ನಿಮ್ಮ ಸೌದೆ ನೋಡಿ!"

ಗಂಟುಗಂಟಿಗೂ ಹೂ. ನೇರಳೆ, ಬಿಳಿ, ಒಂದರ ಮೇಲೊಂದು. ದಾರಿಯಲ್ಲಿ ಹೋಗುವವರು ನಿಂತರು. ಡೆಲಿವರಿ ಹುಡುಗ ಬೈಕ್ ನಿಲ್ಲಿಸಿ, "ಏನ್ ಸಾಕಿದೀರಾ ಸಾರ್! ಸೂಪರ್!" ಎಂದು ಫೋಟೋ ಹೊಡೆದುಕೊಂಡ. ಎದುರುಮನೆ ಶಿವಗಂಗಮ್ಮ, "ತಾಯಿ ಗಿಡ ಅಂದ್ರೆ ತಾಯೀನೇ. ಮಗ ಅಂದ್ರೆ ಹಿಂಗಿರ್ಬೇಕು," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಚನ್ನಕೇಶವ ಮೆಲ್ಲಗೆ ಮರದ ಹತ್ತಿರ ಹೋದ. ಹೂವಿದ್ದರೆ ತಾನೇ ಅಮ್ಮ ಕೆಳಗಿಳಿಯುವುದು? ಕಿತ್ತು ಶಿವನಿಗೆ ಅರ್ಪಿಸಿದೆ ಎಂದರೆ ಯಾರು ಕೇಳುತ್ತಾರೆ? ಕೈ ಚಾಚಿದ.

"ಕೀಳ್ಬೇಡ ಕಣೋ. ನೋಡ್ತಿದೀನಿ," ಎಂಬ ದನಿ ಬಾಲ್ಕನಿಯಿಂದ ಬಂತು.

ಮಧ್ಯಾಹ್ನಕ್ಕೆ ಪ್ಲಾಸ್ಟಿಕ್ ಕುರ್ಚಿ ಕೆಳಗಿಳಿಯಿತು. ಭೈರೇಶ ಬೆವರು ಒರೆಸಿಕೊಳ್ಳುತ್ತ, "ಮಾತು ಮಾತೇ ಅಲ್ವಾ ಅಣ್ಣ. ಭಾಗ ನೀನೇ ಮಾಡಿದ್ದು," ಎಂದ. ಒಂದು ವರ್ಷದಲ್ಲಿ ಅವನು ಅಷ್ಟು ಸಂತೋಷವಾಗಿದ್ದುದನ್ನು ಯಾರೂ ಕಂಡಿರಲಿಲ್ಲ.

ಕುಕ್ಕರುಗಳು ಮುಂದಿನ ಕೋಣೆ ಖಾಲಿ ಮಾಡಿ ಗಂಡಹೆಂಡಿರ ಮಂಚದ ಕೆಳಗೆ, ಮೇಲೆ, ಸುತ್ತಲೂ ನೆಲೆಸಿದವು. ಚನ್ನಕೇಶವ ಹಾಲಿನ ಸೋಫಾದ ಮೇಲೆ ನೆಲೆಸಿದ.

ಮಾರನೆಯ ಬೆಳಿಗ್ಗೆ, ಬೀದಿ ಕೊಟ್ಟ ಹೆಸರನ್ನು ಉಳಿಸಿಕೊಳ್ಳಲು ಅವನು ಒಂದು ಚೊಂಬು ನೀರು ಹಿಡಿದು ಹೊಂಗೆಮರದ ಬಳಿಗೆ ಹೋದ. ಜನ ನೋಡುತ್ತಿದ್ದಾರೆಯೇ ಎಂದು ಎರಡೂ ಕಡೆ ನೋಡಿದ. ಮುಂದಿನ ಕೋಣೆಯ ಕಿಟಕಿಯಿಂದ ಅಮ್ಮ ಕರೆದಳು.

"ಅದಕ್ಕೆ ಬೇಡ ಕಣೋ. ನಿನ್ನ ನಂಬದೆ ಬದುಕೋದನ್ನ ಅದು ಕಲ್ತ್ಕೊಂಡಿದೆ. ನಂಗೆ ಇನ್ನೂ ಬಂದಿಲ್ಲ. ಇಲ್ಲಿ ತಾ ಆ ಚೊಂಬು."