ಕೆಡದ ಮಿಷನ್ನಿನ ರಿಪೇರಿ

ಒಬ್ಬಂಟಿ ಹೆಂಗಸನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: “ಒಬ್ಳೇ ಇದ್ದಿಯಲ್ಲ, ಎದ್ರಿಕ ಆಗಲ್ವ?” ಆಗುವುದಿಲ್ಲ. ನಮ್ಮ ಪಣಕಹಳ್ಳಿಯಲ್ಲಿ ಹೆದರಬೇಕಾದದ್ದು ಆನೆಗೆ. ಅದೂ ಬರುವುದು ಮುಸುಕಿನ ಜೋಳ ಹುಡುಕಿಕೊಂಡು, ನನ್ನನ್ನಲ್ಲ. ನನ್ನ ಕಷ್ಟ ಬೇರೆ. ಬೆಳಿಗ್ಗೆ ಎಂಟಕ್ಕೆಲ್ಲ ಊರಿಗೆ ಊರೇ ಹೊಲ ಸೇರಿರುತ್ತದೆ. ಬೀದಿಯಲ್ಲಿ ಉಳಿಯುವುದು ನಾನು, ನನ್ನ ಹೊಲಿಗೆ ಮಿಷನ್ನು, ಎದುರು ಜಗುಲಿಯಲ್ಲಿ ಮಲಗಿದ ನಾಯಿ. ಮಧ್ಯಾಹ್ನ ಯಾರಾದರೂ ರವಿಕೆಯ ಅಳತೆ ಕೊಡಲು ಬಂದರೆ, ಆ ದಿನದ ನನ್ನ ಮೊದಲ ಮಾತು ಗಂಟಲಲ್ಲಿ ಸಿಕ್ಕಿಕೊಂಡು ಗೊಗ್ಗರಾಗಿ ಹೊರಬರುತ್ತದೆ. “ನೆಗಡಿ ಆಗದ?” ಎನ್ನುತ್ತಾರೆ. “ಊಂ” ಎನ್ನುತ್ತೇನೆ. ಹೀಗೆ ಎರಡು ವರ್ಷದಿಂದ ನನಗೆ ನೆಗಡಿ.

ಎರಡು ವರ್ಷದ ಹಿಂದೆ ಅವ್ವ ತೀರಿಕೊಂಡಳು. ನಾನು ಮದುವೆಯಾಗಲಿಲ್ಲ, ಆ ಕತೆಯಲ್ಲಿ ನಗುವಂಥದ್ದೇನೂ ಇಲ್ಲ, ಬಿಡಿ. ಅವ್ವ ಇದ್ದಾಗ ನಾನು ಮಾಡಿದ್ದಕ್ಕೆಲ್ಲ ಹೆಸರಿಡುತ್ತಿದ್ದಳು. ಮುದ್ದೆ ಗಟ್ಟಿ, ಸಾರು ನೀರು, ಹೊಲಿಗೆ ಸೊಟ್ಟ. ಅವಳು ಹೋದ ಮೇಲೆ ನಾನು ಮಾಡಿದ್ದೆಲ್ಲ ಸರಿಯಾಗತೊಡಗಿತು. ಅದಕ್ಕಿಂತ ಬೇಸರದ ಸಂಗತಿ ನನಗಂತೂ ಗೊತ್ತಿಲ್ಲ.

ಹೀಗಿರುವಾಗ ನನ್ನ ಮೂವತ್ತು ವರ್ಷದ ಮಿಷನ್ನು ಒಂದು ದಿನ ಬಟ್ಟೆಯನ್ನು ಮುಂದಕ್ಕೆ ಸರಿಸುವುದನ್ನೇ ಬಿಟ್ಟಿತು. ಎಷ್ಟು ತುಳಿದರೂ ಸೂಜಿ ನಿಂತಲ್ಲೇ ಕುಟ್ಟುತ್ತಿತ್ತು. ತಾಳವಾಡಿಯ ರಾಜಮ್ಮಕ್ಕನಿಗೆ ಫೋನು ಮಾಡಿದೆ. ಅವಳ ಗಂಡ ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅವರ ಸಾಮಾನಿನ ಪೆಟ್ಟಿಗೆ, ಮೊಪೆಡ್ಡು ಎರಡನ್ನೂ ಅವಳೇ ವಹಿಸಿಕೊಂಡು, ಅರವತ್ತು ದಾಟಿದರೂ ಊರೂರು ಸುತ್ತುತ್ತಾಳೆ. ಬಂದವಳು ಮಿಷನ್ನಿನೊಳಗೆ ಇಣುಕಿ, “ಅಲ್ಲು ಸವ್ದೋಗವ ಕಣವ್ವ” ಎಂದಳು. ನಾನು ಥಟ್ಟನೆ ಬಾಯಿ ಮುಚ್ಚಿಕೊಂಡೆ. “ನಿಂದಲ್ಲ ಕಣವ್ವ, ಮಿಷನ್ದು!” ಸೂಜಿಯ ಕೆಳಗಿದ್ದು ಬಟ್ಟೆಯನ್ನು ಕಚ್ಚಿ ಮುಂದಕ್ಕೆ ತಳ್ಳುವ ಸಣ್ಣ ಹಲ್ಲುಗಳವು. ಉಜ್ಜಿ ಉಜ್ಜಿ ನುಣ್ಣಗಾಗಿದ್ದವು.

ಅರ್ಧ ಗಂಟೆಯಲ್ಲಿ ಹೊಸ ಹಲ್ಲು ಕೂತಿತು. ಊಟದ ಹೊತ್ತು, ಹಾಗೇ ಕಳಿಸಲಾದೀತೇ? ಮುದ್ದೆ, ಸಾರು ಬಡಿಸಿದೆ. ರಾಜಮ್ಮಕ್ಕ ಒಂದು ತುತ್ತು ನುಂಗಿ ನನ್ನ ಮುಖ ನೋಡಿದಳು. “ಉಪ್ಪೂ ಇಲ್ಲ, ಉಳೀನೂ ಇಲ್ಲ. ಇದ್ನ ಎಂಗವ್ವ ಉಣ್ತಿದ್ದಿಯ?” ನನ್ನ ಕಣ್ಣಲ್ಲಿ ನೀರೇ ಬಂತು. ನಂಚಿಕೊಳ್ಳಲು ಹೆಚ್ಚುತ್ತಿದ್ದ ಈರುಳ್ಳಿಯ ಮೇಲೆ ತಪ್ಪು ಹಾಕಿ ಮರೆಸಿದೆ. ಎರಡು ವರ್ಷದಿಂದ ನನ್ನ ಅಡುಗೆಯನ್ನು ಯಾರೂ ಬೈದಿರಲಿಲ್ಲ.

ಕಾಡಂಚಿನ ದಾರಿ, ಹೊತ್ತು ಇಳಿಯುವ ಮೊದಲು ಹೊರಡಬೇಕು. ಪೆಟ್ಟಿಗೆ ಮುಚ್ಚುತ್ತ ಅವಳು, “ಬಾಬಿನ್ ಕೇಸೂ ಸವ್ದದ, ಶಟಲ್ಲೂ ಸವ್ದದ. ಎಲ್ಲಾನೂ ಒಂದೇ ದಪ ಆಕ್ಬುಡ್ಲ?” ಎಂದಳು. “ಬ್ಯಾಡಕ್ಕ, ಒಂದೊಂದಾಗಿ ಆಕು. ಅದ್ಕೂ ವಯಸ್ಸಾಗದ, ತಡಕಳಕಿಲ್ಲ” ಎಂದೆ. ಕಬ್ಬಿಣದ ಯಂತ್ರಕ್ಕೆ ಆಯಾಸವಾಗುತ್ತದೆ ಎಂಬ ಮಾತನ್ನು ಅವಳು ಗಂಭೀರವಾಗಿ ಒಪ್ಪಿಕೊಂಡಳು. ಅವಳ ದಡ್ಡತನಕ್ಕೆ ನಾನು ಒಳಗೊಳಗೇ ನಕ್ಕೆ.

ಅಡಿದಾರದ ಸುರುಳಿ ಕೂರುವ ಬಾಬಿನ್ ಕೇಸಿಗೆ ಒಂದು ಸಲ ಬಂದಳು. ದಾರ ಹಿಡಿದು ಸುತ್ತುವ ಶಟಲ್ಲಿಗೆ ಇನ್ನೊಂದು ಸಲ. ಬಂದಾಗಲೆಲ್ಲ ಗಂಡನ ಗೊರಕೆಯಿಂದ ಹಿಡಿದು ಪಕ್ಕದ ಮನೆಯ ಕೋಳಿಯವರೆಗೆ ಮಾತು. ಆದರೆ ಸವೆದ ಭಾಗಗಳು ಎಷ್ಟೆಂದು ಇದ್ದಾವು? ಮೂರೇ ತಿಂಗಳಲ್ಲಿ ಮುಗಿದುಹೋದವು. ಮಿಷನ್ನು ಹೊಸದರಂತೆ ಓಡತೊಡಗಿತು. ಅದರ ಆರೋಗ್ಯ ನೋಡಿ ನನಗೆ ಹೊಟ್ಟೆ ಉರಿಯಿತು. ಅಲ್ಲಿಂದ ನನ್ನ ಕಳ್ಳತನ ಶುರು. ಒಮ್ಮೆ ಸ್ಕ್ರೂ ಸಡಿಲಿಸಿದೆ. ಇನ್ನೊಮ್ಮೆ ಎಣ್ಣೆ ಬಿಡುವ ತೂತಿಗೆ ದಾರದ ಚೂರು ತುರುಕಿದೆ. ರಾಜಮ್ಮಕ್ಕ ಬರುತ್ತಿದ್ದಳು, ಎರಡು ನಿಮಿಷದಲ್ಲಿ ಸರಿ ಮಾಡುತ್ತಿದ್ದಳು, ಮೂರು ಗಂಟೆ ಕೂರುತ್ತಿದ್ದಳು. ಕೊನೆಗೆ ಕೆಡಿಸಲು ಏನೂ ಹೊಳೆಯದೆ, ಚಕ್ರಕ್ಕೆ ಸುತ್ತಿದ್ದ ಗಟ್ಟಿಮುಟ್ಟಾದ ಚರ್ಮದ ಬೆಲ್ಟನ್ನೇ ಕತ್ತರಿಸಿಬಿಟ್ಟೆ.

ಆ ದಿನ ಫೋನು ಮಾಡಿದರೆ ಅವಳ ಲೈನೇ ಸಿಗಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬಾಗಿಲಿಗೆ ಬಂದು ನಿಂತವಳು ಹಿಂದಿನ ಬೀದಿಯ ಪುಟ್ಟತಾಯಿ. ಅವಳ ಮಗಳ ಧಾರೆಯ ರವಿಕೆ ತೋಳಿಲ್ಲದೆ ನನ್ನ ಮೇಜಿನ ಮೇಲೆ ಬಿದ್ದಿತ್ತು. “ನಾಡಿದ್ದು ಮದ್ವ ಕಣಮ್ಮಿ! ನನ್ ಮಗ್ಳು ಟವಲ್ ಒದ್ಕಂಡು ಧಾರೆಗ ಕೂತ್ಕಳನ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ನಾಯಿ ಕೂಡ ಎದ್ದು ಹೋಯಿತು. ಮೂವತ್ತು ವರ್ಷದಲ್ಲಿ ಒಂದು ಮದುವೆಯ ರವಿಕೆಯನ್ನೂ ನಾನು ತಡ ಮಾಡಿದವಳಲ್ಲ. ತುಂಡಾದ ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡು ತಾಳವಾಡಿಯ ಬಸ್ಸು ಹತ್ತಿದೆ.

ಸಂತೆ ಬೀದಿಯ ಹಿಂದಿನ ಒಂದು ಕೋಣೆಯ ಮನೆ. ರಾಜಮ್ಮಕ್ಕ ಬಾಗಿಲಲ್ಲೇ ಕೂತಿದ್ದಳು. ಬಲಗೈಗೆ ಬಿಳಿಯ ಪ್ಲಾಸ್ಟರು. “ರಸ್ತೇಲಿ ರಾಗಿ ಉಲ್ಲು ಅರಡಿದ್ರು, ಮೊಪೆಡ್ಡು ಜಾರ್ಬುಡ್ತು. ಕೈ ಮುರ್ದು ಮಾವುಕಟ್ಟು ಆಕವ್ರ. ಪೋನೂ ಒಡ್ದೋಯ್ತು” ಎಂದಳು. ಕೋಣೆಯಲ್ಲಿ ಕವುಚಿಟ್ಟ ಒಂದೇ ತಟ್ಟೆ, ಒಂದೇ ಲೋಟ. ಅವಳ ದನಿಯೂ ಗೊಗ್ಗರಾಗಿತ್ತು. ನೆಗಡಿಯೇ ಎಂದು ನಾನು ಕೇಳಲಿಲ್ಲ.

ಒಲೆ ಹಚ್ಚಿ ಕಾಫಿ ಮಾಡಿಕೊಟ್ಟೆ. ಆಮೇಲೆ ಅಳುಕುತ್ತ ಬೆಲ್ಟು ತೆಗೆದು, “ಸವ್ದು ಕಿತ್ತೋಯ್ತಕ್ಕ” ಎಂದೆ. ಅವಳು ಎಡಗೈಯಲ್ಲಿ ಅದರ ತುದಿಯನ್ನು ಬೆಳಕಿಗೆ ಹಿಡಿದಳು.

“ಸವ್ದು ಕಿತ್ತೋದ್ರ ನಾರುನಾರಾಗಿರ್ತದ ಕಣವ್ವ. ಇದು ಗೆರ ಎಳ್ದಂಗ ಅದ. ನಿನ್ ಕತ್ರಿ ಬಾರಿ ಅರಿತ.”

ನಾನು ನೆಲ ನೋಡಿದೆ. ಮೂವತ್ತು ವರ್ಷದ ಕಸುಬು. ಮೋಸ ಮಾಡುವಾಗಲೂ ಕೈ ಸೊಟ್ಟ ಕತ್ತರಿಸಲಿಲ್ಲ.

“ಎಣ್ಣ ತೂತ್ಗ ದಾರ ತುರ್ಕಿದ್ದೂ ಗೊತ್ತು.”

“ಗೊತ್ತಿದ್ರ ಮತ್ಯಾಕ ಬತ್ತಿದ್ದ?”

“ನಂಗೂ ಉಣ್ಣಕ ಜೊತ ಬ್ಯಾಡ್ವ?” ಎಂದು ಅವಳು ಗೋಡೆಯತ್ತ ತಿರುಗಿದಳು. “ಬಾ ಅಂದಿದ್ರ ಬತ್ತಿರ್ನಿಲ್ವ ನಾನು? ಒಳ್ಳೆ ಬೆಲ್ಟ ಆಳ್ಮಾಡ್ಬುಟ್ಟಲ್ಲ!”

ಹೊಸ ಬೆಲ್ಟು ಕೊಟ್ಟು, ತೂತು ಹಾಕಿ ತಂತಿಯ ಕೊಂಡಿ ಸಿಕ್ಕಿಸುವುದನ್ನು ಬಾಯಲ್ಲೇ ಹೇಳಿಕೊಟ್ಟಳು. ಊರಿಗೆ ಬಂದು ನಾನೇ ಹಾಕಿದೆ. ಬೆರಳನ್ನು ಎರಡು ಕಡೆ ಕುಯ್ದುಕೊಂಡೆ, ಆದರೆ ಚಕ್ರ ತಿರುಗಿತು. ಸಂಜೆಯೊಳಗೆ ರವಿಕೆ ಪುಟ್ಟತಾಯಿಯ ಮನೆ ಸೇರಿತು.

ಮದುವೆಯ ಮರುದಿನ ಯಾವುದೋ ಹೊಸ ನಂಬರಿನಿಂದ ಫೋನು ಬಂತು. ರಾಜಮ್ಮಕ್ಕ. “ಮಿಷನ್ನು ಎಂಗದವ್ವ?”

“ಚೆನ್ನಾಗದ ಅಕ್ಕ.”

ಹಾಗಂದರೂ ಅವಳು ಫೋನಿಡಲಿಲ್ಲ. “ಕೈ ವಾಸಿಯಾದ್ಮೇಲ ಒಂದಪ ಬರ್ಲ? ಸುಮ್ನ?”

ಹೇಳಬೇಕಾಗಿದ್ದದ್ದು ಒಂದೇ ಅಕ್ಷರ. ಅದು ನಾಲಗೆಯ ತುದಿಯವರೆಗೂ ಬಂದಿತ್ತು. ಆದರೆ ನನ್ನ ಬಾಯಿಂದ ಹೊರಟದ್ದು, “ಅದೇ ಅಕ್ಕ, ಪೆಡಲ್ಲು ಒಂಚೂರು ಕಿರ್ ಅಂತದ. ಅದ್ನೂ ನೋಡ್ದಂಗಾಗ್ತದ.”

ಫೋನಿನ ಆ ಕಡೆ ಅವಳು ನಗುತ್ತಲೇ ಇದ್ದಳು. ಫೋನಿಟ್ಟು ಪೆಡಲನ್ನು ತುಳಿದು ನೋಡಿದೆ. ಹಾಳಾದ್ದು, ಒಂದಿಷ್ಟೂ ಸದ್ದಿಲ್ಲ.