ಕಿರಿಯ ಗುಮಾಸ್ತನ ಪಾಸ್‌ವರ್ಡು

ಕಂಪ್ಯೂಟರ್ ಕಾಲಿಟ್ಟ ಕಚೇರಿಯಲ್ಲಿ ನಗುವಿಗೆ ಬರವಿಲ್ಲ. ನನಗೆ ಮಾತ್ರ ಆ ನಗು ಹೊಟ್ಟೆಕಿಚ್ಚಿನ ಜೊತೆಗೇ ಬಂದದ್ದು.

ಎರಡು ಸಾವಿರದ ಇಸವಿ ಕಳೆದ ಮೇಲೆ ಅರಕಲಗೂಡಿನ ನಮ್ಮ ಕಚೇರಿಗೂ ಕಂಪ್ಯೂಟರ್ ಬಂದವು. ಹಾಸನದ ದೊಡ್ಡ ಕಚೇರಿಗೆ ನೆಟ್‌ವರ್ಕ್ ಜೋಡಿಸಿದರು. ನಾನು ಅರಕಲಗೂಡಿನಲ್ಲಿ ಹಿರಿಯ ಗುಮಾಸ್ತ. ಮನೆ ಹಾಸನದಲ್ಲಿ, ದಿನಾ ಬಸ್ಸು. ಅಲ್ಲಿಗೇ ವರ್ಗವಾಗಲೆಂದು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ. ಕಂಪ್ಯೂಟರ್ ತರಬೇತಿಗೆ ನನ್ನನ್ನು ಬಿಟ್ಟು, ಮೀಸೆ ಚಿಗುರುತ್ತಿದ್ದ ಚನ್ನರಾಯಪಟ್ಟಣದ ಕಡೆಯ ನಮ್ಮ ಕಿರಿಯ ಗುಮಾಸ್ತನನ್ನು ಕಳಿಸಿದರು. ಎಲ್ಲ ಪ್ರೋಗ್ರಾಂ ತೆರೆಯುವ ಮೇಲಿನ ಅಧಿಕಾರದ ಪಾಸ್‌ವರ್ಡೂ ಅವನಿಗೇ. ನನ್ನ ಹೊಟ್ಟೆ ಉರಿಯದೆ ಇನ್ನೇನಾದೀತು?

೧. ಎರಡು ನಿಮಿಷ

ಪ್ರಿಂಟರ್ ಸರಿಪಡಿಸುವ ಪ್ರೋಗ್ರಾಂ ನಮ್ಮ ಹೆಸರಿಗೆ ತೆರೆಯುತ್ತಿರಲಿಲ್ಲ. ನಮ್ಮದೇ ಕಂಪ್ಯೂಟರಿನಲ್ಲಿ 'ಬೇರೆ ಬಳಕೆದಾರರಾಗಿ ನಡೆಸು' ಎಂದು ಆರಿಸಿ, ಅವನ ಹೆಸರು, ಪಾಸ್‌ವರ್ಡು ಕೊಡಬೇಕು. ಒತ್ತುವ ಮುಂಚೆ ಅವನು, "ಎಲ್ಲಾರೂ ಆ ಕಡೀಕೆ ತಿರೀಕಳಿ ಸಾ" ಅನ್ನುತ್ತಿದ್ದ.

ಒಂದು ದಿನ ನಾವೆಲ್ಲ ಹಾಗೆ ಗೋಡೆಗೆ ಮುಖ ಮಾಡಿ, ತಲೆ ತಗ್ಗಿಸಿ ನಿಂತಿದ್ದಾಗ ಸಾಹೇಬರು ಒಳಗೆ ಬಂದರು. ಮಾತಾಡದೆ ತಾವೂ ತಲೆ ತಗ್ಗಿಸಿ ನಿಂತರು. ಎರಡು ನಿಮಿಷವಾದ ಮೇಲೆ ಮೆಲ್ಲಗೆ, "ಯಾರ್ರೀ ಹೋಗಿದ್ದು?" ಅಂದರು.

"ಪ್ರಿಂಟರ್ರು ಸಾರ್" ಅಂದೆ.

೨. ನುಗ್ಗೇಕಾಯಿ

ರುದ್ರಪಟ್ಟಣದ ಕಡೆಯ ರೈತನೊಬ್ಬ ಬಂದಾಗಲೆಲ್ಲ ನನಗೆ ಒಂದು ಕಟ್ಟು ನುಗ್ಗೇಕಾಯಿ ತರುತ್ತಿದ್ದ. ಅವನಿಗೊಂದು ಪತ್ರ ತೆಗೆದುಕೊಡಲು ಕೂತರೆ ಪ್ರಿಂಟರ್ ಮತ್ತೆ ಮುಷ್ಕರ ಹೂಡಿತು. ಕಿರಿಯನನ್ನು ಕರೆದೆ.

"ನಿಮ್ ಕೈಲಿ ಆಗಾಕಿಲ್ವಾ ಸಾ?" ಅಂದ ರೈತ.

"ಆಗತ್ತಯ್ಯ. ಕೆಲಸವೆಲ್ಲ ನಂದೇ. ಅವನ ಹೆಸರು ಹಾಕ್ಬೇಕು, ಅಷ್ಟೆ."

ರೈತ ನಮ್ಮಿಬ್ಬರನ್ನೂ ನೋಡಿ, ಕಟ್ಟನ್ನು ಕಿರಿಯನ ಮೇಜಿನ ಮೇಲಿಟ್ಟ. "ಅಂಗಾರೆ ಇದೂ ಅವ್ರ ಎಸರಿಗೇ ಓಗ್ಲಿ ಬುಡಿ."

೩. ವರ್ಗಾವಣೆ

ಅಕ್ಕನ ಮದುವೆಗೆಂದು ಕಿರಿಯ ಗುಮಾಸ್ತ ರಜೆ ಹಾಕಿದಾಗ ಪ್ರಿಂಟರ್ ಕೈಕೊಟ್ಟಿತು. ಬೇರೆ ದಾರಿಯಿಲ್ಲದೆ ಅವನು ಫೋನಿನಲ್ಲಿ ನನಗೆ ಪಾಸ್‌ವರ್ಡು ಹೇಳಿದ. "ಪ್ರಿಂಟರ್‌ಗೆ ಮಾತ್ರ ಕಣ್ಸಾ. ಇನ್ನೇನೂ ಮುಟ್‌ಬ್ಯಾಡಿ."

ಮುಟ್ಟದೆ ಬಿಡುವ ಪೈಕಿಯೇ ನಾನು? ಅದೇ ವಾರ ವರ್ಗಾವಣೆ ಕೋರಿಕೆಯ ಪ್ರೋಗ್ರಾಂ ಬಂದಿತ್ತು. ನನ್ನ ಹೆಸರಲ್ಲಿ ತೆರೆದರೆ ಎಲ್ಲರ ಅರ್ಜಿಯ ಜೊತೆ ಕೊಳೆಯುತ್ತದೆ. ಮೇಲಿನ ಅಧಿಕಾರದಲ್ಲಿ ತೆರೆದರೆ ಶಿಫಾರಸಿನ ಚೀಟಿ ಇದ್ದ ಹಾಗೆ ಸೀದಾ ಮೇಲಕ್ಕೆ ಹೋಗುತ್ತದೆ ಎಂದು ಲೆಕ್ಕ ಹಾಕಿ, ಅವನ ಪಾಸ್‌ವರ್ಡಿನಿಂದ ತೆರೆದೆ. ಹೆಸರು ಬರೆಯುವ ಜಾಗವೇ ಇರಲಿಲ್ಲ. ಬೆರಳಿಗೆ ಕೆಲಸ ಕಡಿಮೆಯಾಯಿತೆಂದು ಖುಷಿಪಟ್ಟು, 'ಸೊಂಟ ನೋವು, ಮಂಡಿ ಸವೆದಿದೆ, ನಿವೃತ್ತಿ ಹತ್ತಿರವಿದೆ, ಹಾಸನಕ್ಕೆ ಹಾಕಿ' ಎಂದು ತುಂಬಿ ಕಳಿಸಿದೆ.

ತಿಂಗಳಲ್ಲಿ, ಅರ್ಜಿಯ ಕಾರಣಗಳ ಸಮೇತ, ಹಾಸನಕ್ಕೆ ವರ್ಗದ ಆದೇಶ ಬಂತು. ಸಾಹೇಬರು ಓದಿ, ಕಿರಿಯನ ಕೈಗೆ ಕೊಟ್ಟರು. ಪ್ರೋಗ್ರಾಂ ಯಾರ ಹೆಸರಲ್ಲಿ ತೆರೆದಿತ್ತೋ ಅವರ ಹೆಸರಿಗೇ ಅರ್ಜಿ ಹೋಗಿತ್ತು.

"ಇದೇನ್ ಸಾ, ನಾನು ರಿಟೈರಾಗ್ತೀನಂತೆ?" ಅಂದ ಅವನು. "ನಂಗಿನ್ನೂ ಮದ್ವೇನೇ ಆಗಿಲ್ವಲ್ಲ."

ನಿಜ ಹೇಳಿದರೆ ನೌಕರಿಗೇ ಸಂಚಕಾರ. ಬಾಯಿ ಹೊಲಿದುಕೊಂಡೆ. ಅವನು ರೂಮು ಖಾಲಿ ಮಾಡಿದ ದಿನ ಬೀಳ್ಕೊಡಲು ನನ್ನ ಜೊತೆ ಸಾಹೇಬರೂ ಬಸ್‌ಸ್ಟ್ಯಾಂಡಿಗೆ ಬಂದರು. ಬಸ್ಸಿನ ಮೇಲೆ ಹಾಕಲು ಅವನು ಕಬ್ಬಿಣದ ಟ್ರಂಕಿಗೆ ಕೈ ಹಾಕಿದ್ದೇ ತಡ, ಸಾಹೇಬರು ನನ್ನ ಕಡೆ ತಿರುಗಿದರು.

"ರೀ, ನೋಡ್ತಾ ನಿಂತಿದೀರಲ್ಲ? ನೀವು ಎತ್ಕೊಳ್ರೀ. ಪಾಪ, ಆ ಹುಡುಗನಿಗೆ ಸೊಂಟ ನೋವು."