ಮನೆಯ ಜೊತೆಗೆ ಬಂದ ಕೋಪಿ

ಮನೆ ಕೊಳ್ಳುವವರು ತಾವೇ ಮನೆಯನ್ನು ಆರಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಣಿಪಾಲ ಬಿಟ್ಟು ಮಲೇಷ್ಯಾದ ವೈದ್ಯಕೀಯ ಕಾಲೇಜೊಂದಕ್ಕೆ ಪಾಠ ಹೇಳಲು ಬಂದ ಮೇಲೆ ನಾವು ಬದಲಿಸಿದ ಬಾಡಿಗೆ ಮನೆಗಳೆಲ್ಲ ಹೆದ್ದಾರಿಯ ಬದಿಯವೇ. ಮೋಟಾರ್‌ಸೈಕಲ್ಲುಗಳು ಹಾಯುವಾಗ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಸದ್ದಡಗಿದ ಮೇಲೆ ಅಲ್ಲಿಂದಲೇ ಮುಂದುವರಿಸುವ ಕಲೆ ನನ್ನ ಹೆಂಡತಿ ವಾರಿಜಳಿಗೆ ಸಿದ್ಧಿಸಿತ್ತು. ಆ ವಿರಾಮಗಳಿಂದ ನನಗೇನೂ ತೊಂದರೆಯಿರಲಿಲ್ಲ ಎಂಬುದು ಬೇರೆ ಮಾತು. ಆದರೆ ಊರಿಂದ ತಂದ ಅರ್ಧ ಸಾಮಾನನ್ನು ಅವಳು ರಟ್ಟಿನ ಪೆಟ್ಟಿಗೆಗಳಿಂದ ತೆಗೆದೇ ಇರಲಿಲ್ಲ. ತೆಗೆದರೆ ಮತ್ತೆ ಕಟ್ಟಬೇಕಲ್ಲ ಎನ್ನುತ್ತಿದ್ದಳು. ಇಲ್ಲಿನ ಹಣ ರಿಂಗಿಟ್ ಕುಸಿದು, ಊರಿಗೆ ದುಡ್ಡು ಕಳಿಸುವುದಕ್ಕಿಂತ ಇಲ್ಲೇ ಮನೆ ಕೊಳ್ಳುವುದು ಜಾಣತನವೆಂದು ಸ್ವಂತ ಮನೆಯಿಲ್ಲದ ಗೆಳೆಯರೆಲ್ಲ ಉಪದೇಶಿಸುತ್ತಿದ್ದ ಕಾಲ. ನಾವೂ ಪುಚೊಂಗ್‌ನಲ್ಲಿ ಮನೆ ಹುಡುಕಲು ಹೊರಟೆವು.

ಸಿಕ್ಕಿದ್ದು ಸಾಲುಮನೆಗಳ ಕೊನೆಯ ಮನೆ. ರಸ್ತೆ ಅಲ್ಲಿಗೇ ಮುಗಿಯುತ್ತಿತ್ತು. ಎಷ್ಟು ನಿಶ್ಶಬ್ದವೆಂದರೆ ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿದದ್ದು ಕೇಳಿಸಿತು. ಸಾಸಿವೆ ಸಿಡಿಸುವವರು ಪಕ್ಕದಲ್ಲಿದ್ದಾರೆಂದು ತಿಳಿದೊಡನೆ ವಾರಿಜ ಮನಸ್ಸಿನಲ್ಲೇ ಪೆಟ್ಟಿಗೆ ಬಿಚ್ಚತೊಡಗಿದಳು. ಮನೆಯೊಡತಿ ತಾನ್ ಆಂಟಿ ವಯಸ್ಸಾದ ಚೀನೀ ಹೆಂಗಸು. ಗಂಡ ತೀರಿಹೋಗಿ, ಈಗ ಮಗನ ಫ್ಲಾಟಿಗೆ ಹೊರಟಿದ್ದರು. ಕೋಣೆಗಳನ್ನೆಲ್ಲ ತೋರಿಸಿ ಕೊನೆಗೆ ಹಿಂಬಾಗಿಲು ತೆಗೆದರು. ಅಲ್ಲೊಂದು ಕರಿ ನಾಯಿ ನನ್ನನ್ನೇ ನೋಡುತ್ತ ಮಲಗಿತ್ತು.

ನನಗೆ ನಾಯಿಯೆಂದರೆ ಭಯ. ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡವರ ಭಯಕ್ಕೆ ಒಂದು ಮರ್ಯಾದೆಯಿರುತ್ತದೆ. ನನಗೆ ಅದೂ ಇಲ್ಲ. ಸೂಕ್ಷ್ಮಾಣು ಶಾಸ್ತ್ರದ ಮೇಷ್ಟ್ರಾದ್ದರಿಂದ, ರೇಬೀಸ್ ಪಾಠ ಮಾಡಿ ಮಾಡಿ ಹೀಗಾಯಿತೆಂದು ಹೇಳಿಕೊಂಡು ತಿರುಗುತ್ತೇನೆ. ಮಾತಿಗೆಂದು ನಾಯಿಯ ಹೆಸರು ಕೇಳಿದೆ. ‘ಕೋಪಿ’ ಎಂದರು. ಮಲಯ ಭಾಷೆಯಲ್ಲಿ ಅದು ಬರೀ ಕಾಫಿ ಎಂದು ಗೊತ್ತಿದ್ದರೂ ಕನ್ನಡದ ಕಿವಿ ಕೇಳಬೇಕಲ್ಲ, ಎರಡು ಹೆಜ್ಜೆ ಹಿಂದೆ ಸರಿದೆ.

“ಫ್ಲಾಟಲ್ಲಿ ನಾಯಿ ಇಟ್ಕೊಳ್ಳೋಕೆ ಬಿಡಲ್ಲ ಲಾ,” ಎಂದರು ಆಂಟಿ, ಮಾತಿನ ಕೊನೆಗೆ ‘ಲಾ’ ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ. “ಮನೆ ತಗೊಳ್ಳೋರು ಇವನನ್ನೂ ಇಟ್ಕೋಬೇಕು.”

ಹೀಗೆಂದೇ ಹಿಂದೆ ಬಂದವರನ್ನೆಲ್ಲ ವಾಪಸು ಕಳಿಸಿದ್ದರಂತೆ. ನಾನು ಕಾರಿನತ್ತ ನಡೆಯುತ್ತ, ನಯವಾಗಿ ಬೇಡವೆನ್ನಲು ತಕ್ಕ ಮಾತು ಹುಡುಕುತ್ತಿದ್ದೆ. ವಾರಿಜ ಕಾರು ಹತ್ತಲಿಲ್ಲ. ಗೇಟು ಹಿಡಿದು ನಿಂತು ಮೆಲ್ಲಗೆ ಹೇಳಿದಳು: “ನನಗೆ ಇನ್ನು ಸಾಮಾನು ಕಟ್ಲಿಕ್ಕೆ ಆಗುವುದಿಲ್ಲ ಮಾರಾಯ್ರೆ.” ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು. ನಾನು ವಾಪಸು ಒಳಗೆ ಹೋಗಿ ನಾಯಿಗೆ, ಅಂದರೆ ಮನೆಗೆ, ಒಪ್ಪಿಕೊಂಡೆ.

ಗೃಹಪ್ರವೇಶಕ್ಕೆ ಬ್ರಿಕ್‌ಫೀಲ್ಡ್ಸ್‌ನಿಂದ ತಮಿಳು ಪುರೋಹಿತರು ಬಂದರು. ಮೊದಲು ಹಸು ಹೊಗಬೇಕು ಎಂದರು. ಪುಚೊಂಗ್‌ನಲ್ಲಿ ಹಸುವನ್ನು ಎಲ್ಲಿಂದ ತರುವುದು? ಸ್ವಲ್ಪ ಯೋಚಿಸಿ, ಯಾವುದಾದರೂ ನಾಲ್ಕು ಕಾಲಿನ ಪ್ರಾಣಿಯಾದರೆ ಈ ದೇಶದಲ್ಲಿ ನಡೆಯಬಹುದು ಎಂದು ಅವರು ಧಾರಾಳವಾಗುವಷ್ಟರಲ್ಲಿ ಕೋಪಿ ಒಳಗಿನಿಂದ ಹೊಸ್ತಿಲಿಗೆ ಬಂದು ನಿಂತು, ಯಾರು ನೀವು ಎಂಬಂತೆ ನಮ್ಮೆಲ್ಲರನ್ನೂ ನೋಡಿತು. ನಾವು ತುಂಬಿದ ಕೊಡ ಹಿಡಿದುಕೊಂಡು ಅದರ ಮನೆ ಹೊಕ್ಕೆವು.

ಆಮೇಲೆ ಶುರುವಾಯಿತು ತೊಂದರೆ. ವಾರಿಜ ಕಲಸಿಟ್ಟ ಮೊಸರನ್ನವನ್ನು ಕೋಪಿ ಮೂಸಿ, ಮುಖ ತಿರುಗಿಸಿತು. ಸಂಜೆಯಾದರೆ ಗೇಟಿನ ಬಳಿ ಕೂತು ರಸ್ತೆ ಕಾಯುತ್ತಿತ್ತು. ಸಿಟ್ಟಿನ ನಾಯಿ, ಯಾವತ್ತಾದರೂ ಕಚ್ಚುವುದು ಖಂಡಿತ ಎಂದೆ. ಹತ್ತು ವರ್ಷದ ಮಗಳು ಅನಘಾ ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. “ಹೀ ಈಸ್ ನಾಟ್ ಆಂಗ್ರಿ, ಅಪ್ಪ. ಜಸ್ಟ್ ಸ್ಯಾಡ್ ಲಾ,” ಎಂದಳು.

ಅದನ್ನು ಕೇಳಿದ ಮೇಲೆ ನನಗೂ ಊಟ ಸರಿಯಾಗಿ ಸೇರಲಿಲ್ಲ. ತಾನ್ ಆಂಟಿಗೆ ಫೋನು ಮಾಡಿದೆ. ಕೋಪಿಗೆ ಇಷ್ಟವಾದದ್ದು ಮಾರುಕಟ್ಟೆ ಬಳಿಯ ಅಂಗಡಿಯ ಕೋಳಿಗಂಜಿಯಂತೆ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ನಾನು ಆ ಅಂಗಡಿಯ ಮುಂದೆ ಉಸಿರು ಬಿಗಿಹಿಡಿದು ನಿಂತು, ಕೋಳಿಗಂಜಿ ತಪಾವ್ ಮಾಡಿಸಿಕೊಂಡೆ. ಇಲ್ಲಿ ಪೊಟ್ಟಣ ಕಟ್ಟಿಸಿಕೊಳ್ಳುವುದಕ್ಕೆ ಹಾಗೆನ್ನುತ್ತಾರೆ. ತಿರುಗಿದರೆ ಎದುರಿಗೆ ನಮ್ಮ ಕಾಲೇಜಿನ ಉಡುಪಿಯ ಭಟ್ಟರು. ನಾಯಿಗೆ ಎಂದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಪರದೇಶದಲ್ಲಿ ಇದೆಲ್ಲ ಇದ್ದದ್ದೇ, ಯಾರಿಗೂ ಹೇಳುವುದಿಲ್ಲ ಎಂದು ಸಮಾಧಾನ ಮಾಡಿದರು. ಅಲ್ಲಿಂದ ಮುಂದೆ ಕನ್ನಡದವರ ಮನೆಗಳಲ್ಲಿ ನನ್ನನ್ನು ಊಟಕ್ಕೆ ಕರೆಯುವಾಗ, ನಮ್ಮಲ್ಲಿ ಬರೀ ಸಸ್ಯಾಹಾರ, ಪರವಾಗಿಲ್ಲವಾ ಎಂದು ಕೇಳತೊಡಗಿದರು.

ಒಂದು ಭಾನುವಾರ ತಾನ್ ಆಂಟಿ ಬಂದರು. ಕೋಪಿ ಹಾರಿ ಕುಣಿಯಿತು. ಅವರು ಸಿಮೆಂಟಿನ ನೆಲದ ಮೇಲೇ ಕೂತು ಅದರ ಕುತ್ತಿಗೆ ತಬ್ಬಿ ತಮ್ಮ ಭಾಷೆಯಲ್ಲಿ ಏನೇನೋ ಹೇಳಿದರು. ವಾರಿಜ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರು ಹೊರಟಾಗ ಕೋಪಿಯನ್ನು ಕರೆದುಕೊಂಡೇ ಹೋಗುತ್ತಾರೇನೋ ಎಂದು ನನಗನ್ನಿಸಿತು. ಸಂತೋಷವಾಗಬೇಕಿತ್ತು, ಯಾಕೋ ಆಗಲಿಲ್ಲ.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೋಪಿ ಗೇಟಿನ ಬಳಿ ನಿಂತಿತ್ತು. ಆಮೇಲೆ ನಿಧಾನವಾಗಿ ಬಂದು, ಜಗಲಿಯಲ್ಲಿ ಕೂತಿದ್ದ ನನ್ನ ಪಾದದ ಮೇಲೆ ಗದ್ದವಿಟ್ಟು ಮಲಗಿತು. ಒಳಗಿನಿಂದ ವಾರಿಜ ಚಹಾಕ್ಕೆ ಕರೆದಳು. ಇಲ್ಲಿಗೇ ತಾ ಎಂದೆ. ಲೋಟ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ನನ್ನ ಕಾಲು ಜೋಮು ಹಿಡಿದು ಹೋಗಿತ್ತು. ಎಳೆದುಕೊಂಡರೆ ಕಚ್ಚಿಬಿಟ್ಟೀತು ಅಂತ ಹೆದರಿ ಕೂತಿದ್ದೇನೆ ಎಂದು ಅವಳಿಗೆ ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ.